ಕೊಳಲಾಗಿ ಹೋದ ಕಿಂದರಿ

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಅಪರೂಪ. ನಮ್ಮ ತಲೆಮಾರಿನವರಿಗಂತೂ ಅದು ಬಾಯಿಪಾಠ. ಒಗ್ಗರಣೆ ಹಾಕುತ್ತಲೇ ಇಲಿಗಳ ಹೆಸರಿನ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಬಲ್ಲ ಗೃಹಿಣಿಯರನ್ನು ನಾನು ಬಲ್ಲೆ. ಅಂಥವರನ್ನೇ ಒಮ್ಮೆ ಕೇಳಿ ನೋಡಿ: ಕಿಂದರಿ ಎಂದರೆ ಏನು? ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಈ ಪ್ರಶ್ನೆ ಕೇಳುತ್ತಾ ಬಂದವಳು ನಾನು. ನನಗೆ ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು ಕೊಳಲು. ಕೆಲವು ಪುಂಗಿ. ಒಬ್ಬ ಹುಡುಗ ಮಾತ್ರ ಧೈರ್ಯವಾಗಿ "ಬ್ಯಾಂಡ್‌ಸೆಟ್ಟು" ಎಂದ.

ಮಕ್ಕಳ ತಪ್ಪೇನಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಕವನದ ರೂಪಕವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಲಿಗಳಿಗೆ ಬಾಲ ಕಟ್ಟುವುದರಲ್ಲಿ, ಗೌಡನಿಗೆ ಹೊಟ್ಟೆ ಕಟ್ಟುವುದರಲ್ಲಿ ಇರುವ ಆಸ್ಥೆ ಜೋಗಿಯ ವಿಷಯಕ್ಕೆ ಬಂದಾಗ ಇರುವುದಿಲ್ಲ. ಜಾತ್ರೆಯಲ್ಲಿ ಕೊಂಡ ಬಣ್ಣದ ಕೊಳಲೊಂದನ್ನು ಕೈಗೆ ಕೊಟ್ಟರೆ ಮುಗಿಯಿತು. ಒಂದು ಕಡೆ ತಲೆಗೆ ನವಿಲುಗರಿಯನ್ನೂ ಸಿಕ್ಕಿಸಿದ್ದರು. ಊರಿನ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುವವನು ಜೋಗಿಯೋ ಶ್ರೀಕೃಷ್ಣನೋ ತಿಳಿಯದೆ ಪಕ್ಕದ ಸಾಲಿನ ಅಜ್ಜಿಯೊಬ್ಬರು ಕೈ ಮುಗಿದೇಬಿಟ್ಟರು!

ಇದೇನು ಮಹಾ, ಮಕ್ಕಳ ಆಟಕ್ಕೆ ಕೊಳಲಾದರೇನು ಕಿಂದರಿಯಾದರೇನು ಎನ್ನಬಹುದು. ವ್ಯತ್ಯಾಸವಿದೆ ಎಂಬುದು ನನ್ನ ವಾದ. ಕವನದ ಜೀವ ಇರುವುದೇ ಆ ಒಂದು ಬದಲಾವಣೆಯಲ್ಲಿ.

ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು. ಅದನ್ನು ಇಂಗ್ಲಿಷಿನಲ್ಲಿ ಕವನವಾಗಿಸಿದವನು ರಾಬರ್ಟ್ ಬ್ರೌನಿಂಗ್, 1842ರಲ್ಲಿ. ಅಲ್ಲಿ ಬರುವವನು ಎರಡು ಬಣ್ಣದ ವಿಚಿತ್ರ ನಿಲುವಂಗಿ ತೊಟ್ಟ, ಎಲ್ಲಿಂದ ಬಂದನೆಂದು ಯಾರೂ ಅರಿಯದ ಅಪರಿಚಿತ. ಅವನ ಕೈಯಲ್ಲಿ ಊದುವ ಕೊಳಲು. 1920ರ ದಶಕದಲ್ಲಿ ಇದನ್ನು ಕನ್ನಡಕ್ಕೆ ತಂದ ಕುವೆಂಪು ಊರನ್ನು ತುಂಗೆಯ ದಡಕ್ಕೆ ತಂದರು, ಪಟ್ಟಣದ ಅಧಿಪತಿಯನ್ನು ಹಳ್ಳಿಯ ಗೌಡನನ್ನಾಗಿ ಮಾಡಿದರು. ಇಷ್ಟನ್ನು ಯಾವ ಅನುವಾದಕನಾದರೂ ಮಾಡಿಯಾನು. ಕೊಳಲನ್ನು ಮಾತ್ರ ಅವರು ಹಾಗೆಯೇ ಉಳಿಸಿಕೊಳ್ಳಬಹುದಿತ್ತು. ನಮ್ಮಲ್ಲೇನು ಕೊಳಲಿಗೆ ಬರವೇ? ಆದರೂ ಅವರು ಅದನ್ನು ಬಿಟ್ಟು ಕಿಂದರಿಯನ್ನು ಹಿಡಿದರು. ಕಿಂದರಿ ಬಂತೆಂದರೆ ಅದರ ಹಿಂದೆಯೇ ಜೋಗಿ ಬಂದ. ಜೋಗಿ ಬಂದನೆಂದರೆ ಜೋಳಿಗೆ ಬಂತು. ಹ್ಯಾಮೆಲಿನ್ನಿನ ಕೊಳಲಿನವನು ನಮಗೆ ಯಾರೋ. ಜೋಗಿ ಹಾಗಲ್ಲ. ಅವನು ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬಂದು ನಿಲ್ಲುವವನು, ನಾವು ಒಳಗಿನಿಂದಲೇ "ಮುಂದೆ ಹೋಗಪ್ಪ" ಎಂದು ಕಳಿಸುವವನು, ಸೇರು ರಾಗಿಗೆ ಕೈ ಹಾಕಿ ಅರೆ ಬೊಗಸೆಯಲ್ಲಿ ಮುಗಿಸುವಾಗ ಸುಮ್ಮನೆ ನೋಡುತ್ತಾ ನಿಲ್ಲುವವನು. ಕೊಟ್ಟ ಮಾತಿಗೆ ಗೌಡ ತಪ್ಪುವುದು ಇಂಥವನ ಮುಂದೆ. ಹೊಸಿಲಿನ ಈಚೆ ನಿಂತಿರುವ ನಾವೂ ಆ ಗೌಡನ ಪಕ್ಷದವರೇ ಎಂದು ಕವನ ಮೆಲ್ಲಗೆ ಹೇಳುತ್ತದೆ. ಕೈಗೆ ಕೊಳಲು ಕೊಟ್ಟ ಕೂಡಲೇ ಈ ಚುಚ್ಚು ಹೋಗಿ ಬರೀ ಮಾಯದ ಕಥೆ ಉಳಿಯುತ್ತದೆ.

ಕಿಂದರಿ ಎಂಬುದು ಕಿನ್ನರಿಯ ಆಡುಮಾತಿನ ರೂಪ. ಬಿದಿರಿನ ದಂಡಿ, ಅದರ ಕೆಳಗೆ ಒಣಗಿದ ಸೋರೆಬುರುಡೆಗಳು, ಮೇಲೆ ಎರಡೋ ಮೂರೋ ತಂತಿ, ತಂತಿಯ ಕೆಳಗೆ ಜೇನುಮೇಣದಲ್ಲಿ ಕೂರಿಸಿದ ಮೆಟ್ಟುಗಳು. ಒಂದು ತಂತಿಯ ಮೇಲೆ ಹಾಡು ನಡೆಯುತ್ತದೆ, ಮಿಕ್ಕವು ಶ್ರುತಿ ಹಿಡಿದು ಗುಂಯ್‌ಗುಡುತ್ತವೆ. ಇದು ನಿನ್ನೆ ಮೊನ್ನೆಯ ವಾದ್ಯವಲ್ಲ. ದೇವಗಿರಿಯ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಬರೆದ 'ಸಂಗೀತ ರತ್ನಾಕರ'ದಲ್ಲಿ ಲಘು, ಬೃಹತೀ ಎಂಬ ಕಿನ್ನರಿಗಳ ವರ್ಣನೆ ಇದೆ. ಅದಕ್ಕೂ ಮುಂಚೆ 12ನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನಿದ್ದ. ಆಂಧ್ರದ ಕಡೆಯಿಂದ ಬಂದ ಅಕ್ಕಸಾಲಿ. ಚಿನ್ನದ ಕೆಲಸ ಬಿಟ್ಟು ಕಿನ್ನರಿ ಹಿಡಿದವನು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷೆ ಮಾಡಲು ಹೋಗಿ ಸೋತವನೆಂದು ನಾವು ಹೆಂಗಸರು ಅವನನ್ನು ನೆನಪಿಟ್ಟುಕೊಂಡಿದ್ದೇವೆ. ಅವನ ವಾದ್ಯ ಮಾತ್ರ ಮರೆತಿದೆ. ಶರಣರ ಮೇಲಿನ ನಾಟಕವೊಂದರಲ್ಲಿ ಅವನ ಕೈಗೆ ಏಕತಾರಿ ಕೊಟ್ಟು ಕೂರಿಸಿದ್ದನ್ನು ನಾನೇ ಕಂಡಿದ್ದೇನೆ.

ಇತ್ತೀಚಿನ ಕಾಲದಲ್ಲಿ ಈ ವಾದ್ಯವನ್ನು ಉಳಿಸಿಕೊಂಡು ಬಂದವರು ಕಿನ್ನರಿ ಜೋಗಿಗಳು. ಅರ್ಜುನ ಜೋಗಿಯ ವೇಷ ತೊಟ್ಟು ಹೋದ ಕಥೆಯನ್ನು ಹಾಡುತ್ತಾ ಮನೆಯಿಂದ ಮನೆಗೆ ತಿರುಗುವವರು. ನಮ್ಮ ಚಿತ್ರದುರ್ಗದ ನೆತ್ತಿಯ ಮೇಲಿನ ಕಾಡಿಗೇ ಜೋಗಿಮಟ್ಟಿ ಎಂದು ಹೆಸರು. ನಾನು ಚಿಕ್ಕವಳಿದ್ದಾಗ ಹೆಳವರು, ಬುಡುಬುಡಿಕೆಯವರು, ಸುಡುಗಾಡು ಸಿದ್ಧರು ಬಂದಂತೆ ಇವರೂ ಬರುತ್ತಿದ್ದರು. ಯಾವಾಗ ನಿಂತರೆಂದು ಯಾರಿಗೂ ಗೊತ್ತಾಗಲಿಲ್ಲ. ಬರುವುದು ಗೊತ್ತಾಗುತ್ತದೆ, ಬಾರದಿರುವುದು ಗೊತ್ತಾಗುವುದಿಲ್ಲ, ಅಲ್ಲವೇ?

ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿ ಎಂದಿನ ಪ್ರಶ್ನೆ ಹಾಕಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮಜ್ಜಿ ಮನೇಲಿ ಐತೆ ಮಿಸ್, ಗೋಡೇಗೆ ನೇತಾಕವ್ರೆ" ಎಂದಳು. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಭಾನುವಾರ ಬಸ್ಸು ಹಿಡಿದು ಹೋದೆ. ಹೊಗೆ ಹಿಡಿದ ಗೋಡೆಯ ಗೂಟದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಮೂರು ಬುರುಡೆಗಳಲ್ಲಿ ನಡುವಿನದು ಬಿರುಕು ಬಿಟ್ಟು, ಬಟ್ಟೆಯನ್ನು ಅಂಟು ಹಾಕಿ ಮುಚ್ಚಿದ್ದರು. ದಂಡಿಯ ತುದಿಯಲ್ಲಿ ಮರದಲ್ಲಿ ಕೆತ್ತಿದ ನವಿಲು, ಕೊಕ್ಕು ಮುರಿದದ್ದು. ಬಿರಡೆಗಳು ಕೈಯ ಜಿಡ್ಡಿಗೆ ಕಪ್ಪಾಗಿ ನುಣುಪಾಗಿದ್ದವು. ತಂತಿ ಒಂದೇ ಉಳಿದಿತ್ತು, ಅದೂ ತುಕ್ಕು. ಅಂಗಡಿಯಲ್ಲಿ ಕೊಂಡ ಯಾವ ಸಾಮಾನೂ ಅದರಲ್ಲಿರಲಿಲ್ಲ, ತಂತಿಯೊಂದನ್ನು ಬಿಟ್ಟರೆ.

ಅಜ್ಜಿಯ ಯಜಮಾನರು ತೀರಿಕೊಂಡು ಹತ್ತು ಹನ್ನೆರಡು ವರ್ಷವಾಗಿತ್ತು. ಮಗ ಕಲಿಯಲಿಲ್ಲ; ಹಿರಿಯೂರಿನ ಬಳಿ ಹೆದ್ದಾರಿಯ ಡಾಬಾದಲ್ಲಿ ಕೆಲಸ. "ನುಡಿಸೋದು ಹೋಯ್ತು ಅಜ್ಜಿ, ಇದನ್ನ ಕಟ್ಟೋದಾದರೂ ಯಾರಿಗಾದರೂ ಬರುತ್ತಾ?" ಎಂದು ಕೇಳಿದೆ. ಅಜ್ಜಿ ನನ್ನನ್ನೊಮ್ಮೆ ನೋಡಿ, "ಬರ್ದೇ ಏನವ್ವ. ಮೆಟ್ಟು ಕೂಡುಸ್ತಿದ್ದೋಳು ನಾನೇ" ಎಂದರು.

ಆಮೇಲೆ ತಿಳಿದದ್ದು ಇಷ್ಟು. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟುಗಳು ಜಾರುತ್ತವೆ. ಹೊತ್ತು ಮುಳುಗುವ ಹೊತ್ತಿಗೆ ಊರೂರು ತಿರುಗಿ ಬಂದ ಗಂಡ ವಾದ್ಯವನ್ನು ಇವರ ಕೈಗೆ ಕೊಟ್ಟು ಜಗಲಿಯ ಮೇಲೆ ಕೂತು ಹಾಡುತ್ತಿದ್ದರಂತೆ. ಇವರು ಕೆಂಡದ ಮೇಲೆ ಮೇಣ ಕಾಯಿಸಿ, ಅವರ ದನಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಮೆಟ್ಟನ್ನು ಒತ್ತುತ್ತಿದ್ದರು. ಮದುವೆಯಾಗಿ ಬಂದ ಮೂರನೇ ವರ್ಷದಿಂದ ಇದೇ ಕೆಲಸ. ಬೀದಿಯಲ್ಲಿ ಹೆಂಗಸು ಕಿನ್ನರಿ ಮುಟ್ಟಬಾರದು, ಒಳಗೆ ಮಾತ್ರ ಮುಟ್ಟಲೇಬೇಕು! "ನುಡ್ಸಕ್ಕೆ ನಂಗೆ ಬರಾಕಿಲ್ಲ ಕಣವ್ವ, ಸರಿಯಾಗೈತೋ ಇಲ್ವೋ ಅನ್ನೋದು ಮಾತ್ರ ಕಿವೀಗೆ ಗೊತ್ತಾಗ್ತೈತೆ" ಎಂದರು. ಇಂಥ ಕಿವಿ ಇರುವವರನ್ನು ಕಲಾವಿದೆ ಎಂದು ಕರೆಯಲು ಯಾವ ಅಕಾಡೆಮಿಯ ಅರ್ಜಿಯಲ್ಲಿ ಜಾಗವಿದೆಯೋ ನಾನರಿಯೆ.

ಚಿತ್ರದುರ್ಗದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಬಳಿ ತೆಳು ಉಕ್ಕಿನ ತಂತಿ ತಂದೆ. ಅಜ್ಜಿ ಮೇಣ ಕಾಯಿಸಿ ಮೆಟ್ಟು ಕೂರಿಸಿದರು. ಹುಡುಗಿಯಾಗಿದ್ದಾಗ ವೀಣೆಯಲ್ಲಿ ಗೀತೆಗಳವರೆಗೆ ಬಂದು ನಿಂತ ವಿದ್ಯೆ ನನ್ನದು. ಅದನ್ನೇ ನಂಬಿ ಕಿನ್ನರಿಯನ್ನು ಎಡ ಹೆಗಲಿಗೆ ಒರಗಿಸಿಕೊಂಡು ಮೀಟಿದೆ. ವೀಣೆಯ ಗಾಂಭೀರ್ಯ ಇದಕ್ಕಿಲ್ಲ. ಸಣ್ಣ ದನಿ, ಸ್ವಲ್ಪ ಮೂಗಿನದು, ಹಿಂದೆ ಜೇನುಹುಳದಂಥ ಗುಂಗು. ಬುರುಡೆ ಎದೆಗೆ ತಾಗಿರುವುದರಿಂದ ನುಡಿಸುವವರಿಗೆ ಕಿವಿಗಿಂತ ಎದೆಯಲ್ಲೇ ಹೆಚ್ಚು ಕೇಳುತ್ತದೆ. ಗಾಂಧಾರದ ಮನೆ ನಾನು ಕಲಿತದ್ದಕ್ಕಿಂತ ಕೊಂಚ ಕೆಳಗಿತ್ತು. ಮೆಟ್ಟನ್ನು ಸರಿಸೋಣವೇ ಎಂದೆ. "ಬ್ಯಾಡ" ಎಂದರು ಅಜ್ಜಿ, "ಅವರ ದನಿ ಅಂಗೇ ಇತ್ತು." ಹಾರ್ಮೋನಿಯಂ ಎಲ್ಲರ ಗಂಟಲನ್ನೂ ತನ್ನ ಮನೆಗಳಿಗೆ ಎಳೆದುಕೊಳ್ಳುತ್ತದೆ. ಇಲ್ಲಿ ವಾದ್ಯವೇ ಒಂದು ಗಂಟಲಿಗೆ ಹೊಂದಿಕೊಂಡಿತ್ತು, ಆ ಗಂಟಲು ಹೋದ ಮೇಲೂ.

ಈಗ ಮತ್ತೆ ಕವನಕ್ಕೆ ಬರುತ್ತೇನೆ. ಇಷ್ಟು ಸಣ್ಣ ದನಿಯ ವಾದ್ಯ ಊರಿನ ಇಲಿಗಳನ್ನೆಲ್ಲ ಕರೆಯಬಲ್ಲದೇ ಎಂಬ ಸಂದೇಹ ನನಗೂ ಬಂತು. ವಿಮರ್ಶಕರು ಬೇಕಾದರೆ ಇದನ್ನು ಕವಿಯ ದೋಷವೆನ್ನಲಿ. ಕೊಳಲಿನ ದನಿ ದೂರ ಹೋಗುತ್ತದೆ, ಕಿಂದರಿಯದು ಹೋಗುವುದಿಲ್ಲ; ಮಾಯದ ನಾದಕ್ಕೆ ದೂರವೇನು ಎಂದು ಜಾರಿಕೊಳ್ಳುವುದು ನನಗೆ ಸಮಾಧಾನವಲ್ಲ. ನನ್ನ ಸಮಾಧಾನವೇ ಬೇರೆ. ಕೊಳಲು ಊದುವವನ ಬಾಯಿ ಮುಚ್ಚಿರುತ್ತದೆ. ಕಿಂದರಿ ಹಿಡಿದವನ ಬಾಯಿ ಬಿಡುವಾಗಿರುತ್ತದೆ, ಅವನು ಹಾಡಬಲ್ಲ, ಕಥೆ ಹೇಳಬಲ್ಲ. ಅವನ ದನಿ ಬೆಟ್ಟದಾಚೆಗೆ ಕೇಳಬೇಕಿಲ್ಲ. ಅವನು ಬೀದಿ ಬೀದಿ ನಡೆಯುವವನು, ಹೊಸಿಲಿನವರೆಗೂ ಬರುವವನು. ಬೊಮ್ಮನಹಳ್ಳಿಯ ಮಕ್ಕಳು ಬರೀ ನಾದಕ್ಕೆ ಮರುಳಾಗಿ ಹೋದರೆಂದು ನಾನು ಈಗ ನಂಬುವುದಿಲ್ಲ. ಕಥೆ ಹೇಳುವವನ ಹಿಂದೆ ಹೋದರು. ಕವಿ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಜೋಗಿ ಎಂದರೆ ಹಾಡುವವನೆಂದು ಅಂದಿನ ಓದುಗರಿಗೆ ಗೊತ್ತಿತ್ತು. ನಮಗೆ ಗೊತ್ತಿಲ್ಲವಾದ್ದರಿಂದ ಕವನ ಅರ್ಧವಾಗಿದೆ. 1989ರಲ್ಲಿ ರವಿಚಂದ್ರನ್ ಅವರ ಸಿನಿಮಾಕ್ಕೂ ಈ ಹೆಸರು ಹೋಯಿತು. ಹೆಸರಿಗೆ ಇರುವ ಆಯುಷ್ಯ ವಾದ್ಯಕ್ಕೆ ಇಲ್ಲ.

ಬೇರೆ ಕಡೆ ಹೀಗೇ ಆಗಬೇಕೆಂದೇನೂ ಇರಲಿಲ್ಲ. ಅಮೆರಿಕದ ಅಪಲೇಷಿಯನ್ ಬೆಟ್ಟಗಳಲ್ಲಿ ಡಲ್ಸಿಮರ್ ಎಂಬ ವಾದ್ಯವಿದೆ. ಉದ್ದನೆಯ ಮರದ ಪೆಟ್ಟಿಗೆ, ಮೂರೋ ನಾಲ್ಕೋ ತಂತಿ, ತೊಡೆಯ ಮೇಲೆ ಅಡ್ಡಲಾಗಿಟ್ಟು ನುಡಿಸುವುದು. ಅಲ್ಲಿಯೂ ಒಂದು ತಂತಿಗೆ ಹಾಡು, ಮಿಕ್ಕವಕ್ಕೆ ಶ್ರುತಿ. ಬಡಗಿ ಕೆಲಸ ಬಲ್ಲವರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಕೆಂಟಕಿಯ ವೈಪರ್ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಜೀನ್ ರಿಚ್ಚಿ ಹದಿನಾಲ್ಕು ಮಕ್ಕಳಲ್ಲಿ ಕೊನೆಯವಳು. ಡಲ್ಸಿಮರ್ ಮುಟ್ಟಬೇಡಿರೆಂದು ತಂದೆ ಹೇಳಿದ್ದರೂ ಕದ್ದು ನುಡಿಸಿ ಕಲಿತವಳು. ಮುಂದೆ ನ್ಯೂಯಾರ್ಕಿಗೆ ಹೋಗಿ ಅದನ್ನು ನುಡಿಸುತ್ತಾ ತವರಿನ ಹಾಡುಗಳನ್ನು ಹಾಡಿದಳು, 1963ರಲ್ಲಿ ಅದನ್ನು ಕಲಿಸುವ ಪುಸ್ತಕ ಬರೆದಳು, ಗಂಡನೊಡನೆ ಸೇರಿ ವಾದ್ಯ ಮಾಡಿ ಮಾರಿದಳು. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಡಲ್ಸಿಮರುಗಳನ್ನು ಜನ ಹುಡುಕಿ ಇಳಿಸಿಕೊಂಡು ನುಡಿಸತೊಡಗಿದರು. ಆಕೆ ತೀರಿಕೊಂಡದ್ದು 2015ರಲ್ಲಿ.

ನಮ್ಮ ಪಕ್ಕದ ತೆಲಂಗಾಣದಲ್ಲೂ ಕಿನ್ನೆರವಿದೆ. ಹನ್ನೆರಡು ಮೆಟ್ಟಿನ ಕಿನ್ನೆರ ನುಡಿಸುವ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತು. 2024ರಲ್ಲಿ ಅವರು ಕಟ್ಟಡದ ಕೂಲಿ ಕೆಲಸ ಮಾಡುತ್ತಿದ್ದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಬೊಮ್ಮನಹಳ್ಳಿಯ ಗೌಡ ಬರೀ ತುಂಗೆಯ ದಡದವನಲ್ಲ ಎಂದುಕೊಂಡೆ.

ಹೊಳಲ್ಕೆರೆಯ ಅಜ್ಜಿಯ ಮನೆಗೂ ಬೆಂಗಳೂರಿನಿಂದ ಯಾರೋ ಬಂದು, ಹೊಸ ಮನೆಯ ಹಾಲಿನ ಗೋಡೆಗೆ ಚೆನ್ನಾಗಿರುತ್ತದೆಂದು ಕಿನ್ನರಿಗೆ ಬೆಲೆ ಕಟ್ಟಿ ಹೋಗಿದ್ದರಂತೆ. ಮಗನಿಗೆ ಮನಸ್ಸಿತ್ತು. ಅಜ್ಜಿ ಕೊಡಲಿಲ್ಲ. ಈಗ ಮೊಮ್ಮಗಳು, ಅಂದರೆ ನನ್ನ ಹಿಂದಿನ ಬೆಂಚಿನ ಹುಡುಗಿ, ರಜೆಯಲ್ಲಿ ಅದನ್ನು ಮೀಟುತ್ತಾಳೆ. ಹೆಣ್ಣುಮಗಳು ಮುಟ್ಟಬಾರದೆಂಬ ಮಾತನ್ನು ಅಜ್ಜಿ ಎತ್ತುತ್ತಿಲ್ಲ. ಮೆಟ್ಟುಗಳು ತಾತನ ದನಿಗೇ ಕೂತಿವೆ, ಹುಡುಗಿಯ ದನಿ ಅದಕ್ಕಿಂತ ಮೇಲೆ; ಒಂದೆರಡನ್ನು ಕಿತ್ತು ಮತ್ತೆ ಕೂರಿಸಬೇಕಾಗುತ್ತದೆ. ಹೋದ ಸಲ ಹೊರಡುವಾಗ ಅಜ್ಜಿ ಹೇಳಿ ಕಳಿಸಿದರು: "ಅಂಗಡಿ ಮೇಣ ಬ್ಯಾಡ ಟೀಚರಮ್ಮ, ಅದು ಮೇಣದಬತ್ತೀದು, ಹಿಡಿಯಾಕಿಲ್ಲ. ಜೇನು ಬಿಡಿಸೋರತ್ರ ಕೇಳಿ ತಗಂಬಾ."