ಟವರ್ ಕಡ್ಡಿ ನಂಬಿ ಹಾಜರಿ ಕಳಿಸಬಹುದೇ?

ಉದ್ಯೋಗ ಖಾತ್ರಿಯ ಸಾಮೂಹಿಕ ಕಾಮಗಾರಿಗಳ ಹಾಜರಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಕಬೇಕೆಂಬುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ಸ್ಥಳದ ಗುರುತಿನ ಸಮೇತ ಫೋಟೋ. ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಂಥ ಊರುಗಳಲ್ಲಿ ಬದು ಹಾಕುವ, ಹೂಳೆತ್ತುವ ಕೆಲಸ ನಡೆಯುವುದು ಊರಾಚೆ. ಗುಡ್ಡದ ಮರೆಗೋ ಹಳ್ಳದ ತಗ್ಗಿಗೋ ಹೋದರೆ ಸಿಗ್ನಲ್ ಕೈಕೊಡುತ್ತದೆ. ಅದಕ್ಕೇ ಫೋಟೋ ಫೋನಿನಲ್ಲಿ ಉಳಿದು, ನೆಟ್‌ವರ್ಕ್ ಸಿಕ್ಕಾಗ ಅಪ್‌ಲೋಡ್ ಆಗುವ ಅವಕಾಶ ಇಟ್ಟಿದ್ದಾರೆ. ಒಳ್ಳೆಯ ಏರ್ಪಾಡೇ. ಆದರೆ ನೆಟ್‌ವರ್ಕ್ ‘ಸಿಕ್ಕಿದೆ’ ಎಂದು ತೀರ್ಮಾನಿಸುವುದು ಹೇಗೆ ಎಂಬಲ್ಲಿ ಇಂಥ ಏರ್ಪಾಡಿನ ಗಟ್ಟಿತನ ತಿಳಿಯುತ್ತದೆ.

ಫೋನಿನ ಕಡ್ಡಿಗಳು ತೋರಿಸುವುದು ಫೋನಿಗೂ ಟವರಿಗೂ ನಡುವಿನ ಬಲವನ್ನಷ್ಟೇ. ಟವರಿನಾಚೆ ಕೇಬಲ್ ತುಂಡಾಗಿದ್ದರೂ ನಾಲ್ಕು ಕಡ್ಡಿ ಇರಬಹುದು. ಆದ್ದರಿಂದಲೇ ಆಂಡ್ರಾಯ್ಡ್ ಗೂಗಲ್ ಸರ್ವರಿಗೆ ಒಂದು ಸಣ್ಣ ಕೋರಿಕೆ ಕಳಿಸಿ, 204 ಎಂಬ ಖಾಲಿ ಉತ್ತರ ಬಂದರೆ ಮಾತ್ರ ಇಂಟರ್ನೆಟ್ ಇದೆ ಎಂದುಕೊಳ್ಳುತ್ತದೆ. ವಿಂಡೋಸ್ ಒಂದು ಪುಟ್ಟ ಪಠ್ಯ ಕಡತ ತರಿಸಿ ಓದಿ ನೋಡುತ್ತದೆ. ಕಡ್ಡಿ ನಂಬುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಗೂಗಲ್ ಸಿಕ್ಕಿದ ಮಾತ್ರಕ್ಕೆ ಹಾಜರಿಯ ಸರ್ವರ್ ಸಿಕ್ಕಿತೆಂದಲ್ಲ. ಫೋಟೋ ಎಲ್ಲಿಗೆ ಹೋಗಬೇಕೋ ಆ ಸರ್ವರನ್ನೇ ಕೇಳಬೇಕು.

ಹಾಗೆ ಕೇಳಿದರೂ ಆ ಉತ್ತರ ಆ ಕ್ಷಣಕ್ಕೆ ಮಾತ್ರ ನಿಜ. ಅರ್ಧ ಫೋಟೋ ಹೋಗುವಷ್ಟರಲ್ಲಿ ಸಂಪರ್ಕ ಕಡಿಯಬಹುದು. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ರೂಪಿಸಿದವರು ಕೂಡ, ನೆಟ್‌ವರ್ಕ್ ಬರಲೆಂದು ಒಮ್ಮೆ ಕಾದು ಕೂರುವುದಕ್ಕಿಂತ ಅದು ಹೋಗಿ ಬರುವುದನ್ನು ತಾಳಿಕೊಳ್ಳುವ ಪ್ರೋಗ್ರಾಂ ಬರೆಯಿರಿ ಎಂದೇ ಹೇಳುತ್ತಾರೆ. ಕಡತಗಳನ್ನು ನಕಲಿಸುವ ಆರ್‌ಸಿಂಕ್‌ ತಂತ್ರಾಂಶದಲ್ಲಿ ಅರ್ಧಕ್ಕೆ ನಿಂತ ಕಡತವನ್ನು ಉಳಿಸಿಕೊಂಡು ಮುಂದುವರಿಸುವ ಸೌಲಭ್ಯವಿದೆ. ಹಾಜರಿಗೂ ಇದೇ ಬೇಕು: ವಿಫಲವಾದರೆ ಅಂತರ ಹೆಚ್ಚಿಸುತ್ತಾ ಮತ್ತೆ ಪ್ರಯತ್ನಿಸಬೇಕು, ಸರ್ವರಿನಿಂದ ‘ತಲುಪಿತು’ ಎಂಬ ರಸೀದಿ ಬರುವವರೆಗೆ ಫೋನಿನಲ್ಲಿರುವ ಪ್ರತಿಯನ್ನು ಅಳಿಸಬಾರದು.

ಸಂಪರ್ಕ ಇದೆಯೇ ಎಂಬ ಮುಂಚಿತ ತಪಾಸಣೆ ಬೇಕೇ ಬೇಕು. ಅದು ಬ್ಯಾಟರಿ, ಡೇಟಾ ಎರಡನ್ನೂ ಉಳಿಸುತ್ತದೆ. ಆದರೆ ಕೂಲಿ ಉಳಿಸುವುದು ರಸೀದಿ. ಎಷ್ಟು ಫೋಟೋ ತಲುಪಿವೆ, ಎಷ್ಟು ಬಾಕಿ ಎಂಬುದು ಹಾಜರಿ ಹಾಕುವ ಕಾಯಕ ಬಂಧುವಿಗೆ ಕನ್ನಡದಲ್ಲಿ, ಪರದೆಯ ಮೇಲೇ ಕಾಣಬೇಕು. ಅಪ್‌ಲೋಡ್ ತಡವಾದರೂ ಫೋಟೋ ತೆಗೆದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಆಗುವವರೆಗೆ ಪಂಚಾಯಿತಿಗಳು ಕಾಗದದ ಹಾಜರಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಲಿ. ನೆಟ್‌ವರ್ಕ್ ಕೈಕೊಟ್ಟ ದಿನದ ಕೂಲಿಯನ್ನು ದುಡಿದವರ ಕೈಯಿಂದ ಕಸಿಯದಿರಲಿ.