ಅಂಕಪಟ್ಟಿಗೆ ಸಿಗದ ಕ್ಯಾಚ್

ಐಪಿಎಲ್ ನಡೆಯುವ ಎರಡು ತಿಂಗಳು ನಂತೂರಿನ ನಮ್ಮ ಗೆಳೆಯರ ಬಳಗಕ್ಕೆ ಒಂದು ಬರವಣಿಗೆ ತಪ್ಪದೆ ಬರುತ್ತದೆ: ಫ್ಯಾಂಟಸಿ ಲೀಗಿನ ವಾರದ ವರದಿ. ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಪಂದ್ಯದಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ಅಂಕ ಎಣಿಸುವ ಆಟ ಇದು. ಯಾರು ಮೇಲೇರಿದರು, ಯಾರು ಜಾರಿದರು, ಯಾರ ಕ್ಯಾಪ್ಟನ್ ಕೈಕೊಟ್ಟ ಎಂಬುದನ್ನೆಲ್ಲ ಬಳಗದವನೊಬ್ಬ ಭಾನುವಾರ ರಾತ್ರಿ ಕೂತು ಬರೆದು ವಾಟ್ಸ್ಯಾಪ್‌ಗೆ ಹಾಕುತ್ತಾನೆ. ಓದಿದವರು ನಕ್ಕು ಮರೆಯುತ್ತಾರೆ. ಇದನ್ನೂ ಬರವಣಿಗೆಯೆಂದೇ ಓದಬೇಕು, ಹಾಗೆ ಓದಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು ಎಂಬುದು ನನ್ನ ವಾದ.

ಈ ಆಟ ಹುಟ್ಟಿದ್ದೇ ಬರೆಯುವವರ ನಡುವೆ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಗೆಳೆಯರನ್ನು ಸೇರಿಸಿ, ಬೇಸ್‌ಬಾಲ್ ಆಟಗಾರರನ್ನು ಹರಾಜಿನಲ್ಲಿ ಹಂಚಿಕೊಂಡು ಲೀಗ್ ಶುರುಮಾಡಿದ. ಅವರು ಊಟಕ್ಕೆ ಸೇರುತ್ತಿದ್ದ ಹೋಟೆಲಿನ ಹೆಸರೇ ನಿಂತು ಅದು ‘ರೋಟಿಸರಿ’ ಬೇಸ್‌ಬಾಲ್ ಆಯಿತು. ಆಗ ಪತ್ರಿಕೆಯಲ್ಲಿ ಬಂದ ಅಂಕಿಅಂಶ ನೋಡಿ ಕೈಲೆಕ್ಕವೇ ಹಾಕಬೇಕಿತ್ತು. ಈಗ ಪಂದ್ಯ ಮುಗಿಯುವ ಮೊದಲೇ ಆ್ಯಪ್ ಲೆಕ್ಕ ಒಪ್ಪಿಸಿಬಿಡುತ್ತದೆ. ಹಾಗಿರುವಾಗ ವಾರದ ವರದಿ ಆ್ಯಪ್ ಹೇಳಿದ್ದನ್ನೇ ಮತ್ತೆ ಹೇಳಿದರೆ ಅದನ್ನು ಓದುವುದು ಯಾಕೆ?

ನಮ್ಮ ವರದಿಗಾರನ ಬಲ ಇರುವುದು ಅವನು ಗೆಳೆಯರ ತೀರ್ಮಾನಗಳನ್ನು ಓದುವ ಬಗೆಯಲ್ಲಿ. ಸೀಸನ್ ಉದ್ದಕ್ಕೂ ನಡೆಯುವ ಲೀಗಿನಲ್ಲಿ ಬದಲಾವಣೆಗಳಿಗೆ ಮಿತಿ ಉಂಟು. ಕ್ಯಾಪ್ಟನ್‌ಗೆ ಅಂಕ ಇಮ್ಮಡಿ. ಆದ್ದರಿಂದ ಪ್ರತಿ ಆಯ್ಕೆಯಲ್ಲೂ ಆರಿಸಿದವನ ಸ್ವಭಾವ ಕಾಣುತ್ತದೆ. ಒಬ್ಬ ಆರ್‌ಸಿಬಿ ಮೇಲಿನ ಪ್ರೀತಿಯಿಂದಲೇ ತಂಡ ತುಂಬಿಸುತ್ತಾನೆ. ಇನ್ನೊಬ್ಬ ಎರಡು ಸೊನ್ನೆ ಬಂದ ಕೂಡಲೇ ಬ್ಯಾಟರ್‌ನನ್ನು ಕಿತ್ತುಹಾಕಿ ಮುಂದಿನ ವಾರ ಕೈಕೈ ಹಿಸುಕಿಕೊಳ್ಳುತ್ತಾನೆ. ಇಂಥದ್ದನ್ನು ಬರೆಯುವಾಗ ವರದಿಗೆ ಜೀವ ಬರುತ್ತದೆ. ಪಂದ್ಯಕ್ಕೊಂದು ತಂಡ ಕಟ್ಟಿ ಅಂದೇ ಮುಗಿಸುವ ಆಟದಲ್ಲಿ ಈ ಕಥೆ ಬೆಳೆಯಲು ಜಾಗವೇ ಇಲ್ಲ.

ಎಡವುವುದು ಕ್ರಿಕೆಟ್ ಬಂದಾಗ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿಗೆ ಬೇಕಿದ್ದದ್ದು 164. 58ಕ್ಕೆ ನಾಲ್ಕು ವಿಕೆಟ್ ಹೋಗಿತ್ತು. ಅಲ್ಲಿಂದ ಕೆ.ಎಲ್. ರಾಹುಲ್ ಸ್ಟಬ್ಸ್ ಜೊತೆ ಮುರಿಯದ 111 ರನ್ ಸೇರಿಸಿ, 53 ಎಸೆತಗಳಲ್ಲಿ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದ. ‘ಕಾಂತಾರ’ದಿಂದ ಎತ್ತಿಕೊಂಡ ಸನ್ನೆ. ನಂತೂರಿನಿಂದ 66ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಅವನು. ಆ ವಾರದ ವರದಿಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಸಾಲು: ರಾಹುಲ್‌ನನ್ನು ಕ್ಯಾಪ್ಟನ್ ಮಾಡಿದವರು ಗೆದ್ದರು.

ರಾಹುಲ್ 5 ರನ್ ಮಾಡಿದ್ದಾಗ ಆರ್‌ಸಿಬಿಯ ರಜತ್ ಪಾಟೀದಾರ್ ಅವನ ಕ್ಯಾಚ್ ಬಿಟ್ಟಿದ್ದ. ಪಂದ್ಯ ತಿರುಗಿದ್ದು ಅಲ್ಲಿ. ಕ್ಯಾಚ್ ಹಿಡಿದರೆ ಅಂಕ ಉಂಟು, ಬಿಟ್ಟರೆ ಕಳೆಯುವ ನಿಯಮ ನಾವು ಆಡುವ ಲೀಗಿನಲ್ಲಿ ಇಲ್ಲ. 58ಕ್ಕೆ ನಾಲ್ಕು ಎಂಬ ಇಕ್ಕಟ್ಟಿನಲ್ಲಿ ಹೊಡೆದ ರನ್ನಿಗೂ ಸೋಲು ಖಚಿತವಾದ ಮೇಲೆ ಹೊಡೆದ ರನ್ನಿಗೂ ಅಲ್ಲಿ ಬೆಲೆ ಒಂದೇ. ಅಂಕಪಟ್ಟಿಗೆ ಕಾಣದ ಇಂಥದ್ದನ್ನು ತುಂಬಿಕೊಡುವುದೇ ಬರೆಯುವವನ ಕೆಲಸ. ಅದು ನಮ್ಮವನಿಗೆ ಆಗದ ಮಾತಲ್ಲ. ಬಳಗದ ಹೆಚ್ಚಿನವರು ಅಂಡರ್‌ಆರ್ಮ್ ಕ್ರಿಕೆಟ್ ಆಡಿ ಬೆಳೆದವರು. ಆ ಚಿಕ್ಕ ಮೈದಾನದ ಆಟದಲ್ಲಿ ಫೈನಲಿನ ಕ್ಯಾಚ್ ಬಿಟ್ಟವನನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಚಹಾ ಕುಡಿಯುತ್ತಾ ಅದನ್ನೆಲ್ಲ ಸೊಗಸಾಗಿ ಹೇಳುವವನೇ ಬರೆಯಲು ಕೂತಾಗ ಸಂಖ್ಯೆಗಳ ಹಿಂದೆ ಅಡಗುತ್ತಾನೆ.

ವರದಿಯ ಬಗ್ಗೆ ಇಷ್ಟು ಹೇಳಲು ಇನ್ನೊಂದು ಕಾರಣವಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. ಫ್ಯಾಂಟಸಿ ಆ್ಯಪ್ ಡ್ರೀಮ್ ಇಲೆವೆನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ನಮ್ಮ ಲೀಗಿಗೆ ಅದು ತಟ್ಟಲಿಲ್ಲ. ಇಲ್ಲಿ ಕೊನೆಗೆ ಬಂದವನು ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಬೇಕು, ಅಷ್ಟೇ. ಹಣ ಇಲ್ಲದ ಕಡೆ ಗೆಳೆಯರನ್ನು ಎರಡು ತಿಂಗಳು ಹಿಡಿದಿಡುವುದು ಈ ವರದಿಯೇ. ಹಾಗಾಗಿ ಮುಂದಿನ ಸೀಸನ್ನಿಗೆ ವರದಿಗಾರನಲ್ಲಿ ನನ್ನದೊಂದು ಬೇಡಿಕೆ: ಅಂಕಪಟ್ಟಿ ಕೊನೆಗೆ ಬರಲಿ. ಮೊದಲ ಪ್ಯಾರಾದಲ್ಲಿ ಆ ವಾರದ ಒಂದು ಓವರನ್ನಾದರೂ ಚೆಂಡು ಚೆಂಡಾಗಿ ಬರೆಯಲಿ. ಅಂಕ ಬಾರದ ಒಬ್ಬ ಆಟಗಾರನ ಹೆಸರಾದರೂ ಅದರಲ್ಲಿರಲಿ.