ನಾಲ್ಕನೆಯದೇ ಮೊದಲು

ಒಂಬತ್ತು ಚಿತ್ರಗಳ ಒಂದು ಮಾಲೆ; ಅವುಗಳಿಗೆ ಒಂದರಿಂದ ಒಂಬತ್ತರವರೆಗೆ ಅಂಕೆಗಳನ್ನೂ ಹಾಕಿದ್ದಾರೆ. ಹಾಗಿದ್ದಮೇಲೆ ಯಾವುದನ್ನು ಮೊದಲು ನೋಡಬೇಕೆಂದು ಕೇಳುವವನನ್ನು ಎಣಿಕೆ ಬಾರದವನೆಂದು ಜನ ತಿಳಿದಾರು. ಆದರೆ ಅಮೆರಿಕದ ಜಾರ್ಜ್ ಲ್ಯೂಕಸ್ ಅವರು ಆರಂಭಿಸಿದ 'ಸ್ಟಾರ್ ವಾರ್ಸ್' ಚಿತ್ರಮಾಲೆಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಕಾರಣ ಸರಳವಾದದ್ದು. ಈ ಮಾಲೆ ನಾಲ್ಕರಿಂದ ಆರಂಭವಾಯಿತು. 1977ರಲ್ಲಿ ತೆರೆಗೆ ಬಂದ ಮೊದಲ ಚಿತ್ರಕ್ಕೆ ಆಗ ಅಂಕೆಯೇ ಇರಲಿಲ್ಲ. 1981ರ ಮರುಬಿಡುಗಡೆಯಲ್ಲಿ ಅದು ನಾಲ್ಕನೆಯ ಅಧ್ಯಾಯವೆನಿಸಿಕೊಂಡಿತು. ಐದನೆಯದು 1980ರಲ್ಲಿ, ಆರನೆಯದು 1983ರಲ್ಲಿ ಬಂದವು. ಹದಿನಾರು ವರ್ಷ ಕಳೆದಮೇಲೆ 1999, 2002, 2005ರಲ್ಲಿ ಅದಕ್ಕೂ ಹಿಂದಿನ ಕಥೆ ಒಂದು, ಎರಡು, ಮೂರು ಎಂಬ ಅಂಕೆ ಹೊತ್ತು ಬಂದಿತು. ಕೊನೆಯ ಮೂರು 2015ರಿಂದ 2019ರೊಳಗೆ ಬಂದವು.

ಇದು ಹುಡುಗರ ಚರ್ಚೆ, ವಿಮರ್ಶೆಯ ವಿಷಯವಲ್ಲ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಕೃತಿಯನ್ನು ಎಷ್ಟು ಸಲ ಬೇಕಾದರೂ ನೋಡಬಹುದು. ಮೊದಲ ಸಲ ನೋಡುವುದು ಮಾತ್ರ ಒಂದೇ ಸಲ. ಇಂದು ಮನೆಯ ಪರದೆಯ ಮೇಲೆ ಇವೆಲ್ಲ ಸಾಲಾಗಿ ದೊರೆಯುತ್ತವೆ. ಮೊದಲು ಯಾವುದನ್ನು ಹಾಕಬೇಕೆಂದು ನಿರ್ಧರಿಸುವವರು ಹಿರಿಯರು. ಅದರ ಲಾಭನಷ್ಟಗಳು ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಮಗುವಿನ ಪಾಲಿಗೆ. ಆದಕಾರಣ ವಿಷಯವನ್ನು ತುಸು ತೂಗಿ ನೋಡುವುದು ಲೇಸು. ಆದರೆ ಗುಟ್ಟನ್ನು ಹೇಳದೆ ಈ ಚರ್ಚೆ ಮುಂದೆ ಸಾಗದು. ಚಿತ್ರಗಳನ್ನು ಇನ್ನೂ ನೋಡದ ಓದುಗರು ಇಲ್ಲಿಗೆ ನಿಲ್ಲಿಸಿ, ನೋಡಿಬಂದು ಮುಂದೆ ಓದಿದರೆ ನನಗೆ ಸಂತೋಷವೇ.

ಮೊದಲ ಚಿತ್ರದಲ್ಲಿ ಲ್ಯೂಕ್ ಎಂಬ ಹಳ್ಳಿಯ ಹುಡುಗನಿಗೆ ಓಬಿ-ವಾನ್ ಎಂಬ ವೃದ್ಧನು, ನಿನ್ನ ತಂದೆಯನ್ನು ಕೊಂದವನು ಡಾರ್ತ್ ವೇಡರ್ ಎಂದು ಹೇಳುತ್ತಾನೆ. ಎರಡನೆಯ ಚಿತ್ರವಾದ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಕೈ ಕಳೆದುಕೊಂಡು ತೂಗಾಡುತ್ತಿರುವ ಲ್ಯೂಕನಿಗೆ ಆ ವೇಡರನೇ ತಾನು ಅವನ ತಂದೆಯೆಂದು ತಿಳಿಸುತ್ತಾನೆ. ಈ ಗುಟ್ಟನ್ನು ಕಾಯಲು ಚಿತ್ರ ತೆಗೆದವರು ಪಟ್ಟ ಪಾಡು ಪ್ರಸಿದ್ಧವಾಗಿದೆ. ವೇಡರನ ಕಪ್ಪು ಉಡುಪಿನೊಳಗಿದ್ದ ನಟ ಡೇವಿಡ್ ಪ್ರೌಸ್ ಅವರಿಗೆ ಚಿತ್ರೀಕರಣದಲ್ಲಿ ಹೇಳಲು ಬೇರೆಯೇ ಮಾತನ್ನು ಕೊಟ್ಟಿದ್ದರು. ನಿಜವಾದ ಮಾತು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಕಂಠದಲ್ಲಿ ಸೇರಿತು. ಅಂಕೆಯ ಪ್ರಕಾರ ನೋಡಿದ ಮಗುವಿಗೆ ಈ ಗುಟ್ಟು ಮೂರನೆಯ ಚಿತ್ರದಲ್ಲೇ ತಿಳಿದಿರುತ್ತದೆ. ಲ್ಯೂಕ್ ಕಿರುಚುವಾಗ ಅದು, ಇವನಿಗೆ ಈಗ ಗೊತ್ತಾಯಿತೇ ಎಂದು ಸುಮ್ಮನಿರುತ್ತದೆ.

ಅಂಕೆಯ ಕ್ರಮಕ್ಕೂ ಬಲವಾದ ಸಮರ್ಥನೆಯುಂಟು. ಲ್ಯೂಕಸ್ ಅವರೇ ಆ ಪಕ್ಷದವರು. ಹಾಗೆ ನೋಡಿದರೆ ಆರು ಚಿತ್ರಗಳೂ ಸೇರಿ ಆನಕಿನ್ ಎಂಬವನ ಒಂದೇ ಕಥೆಯಾಗುತ್ತವೆ: ಗುಲಾಮಗಿರಿಯಲ್ಲಿ ಹುಟ್ಟಿದ ಬಾಲಕ ವೀರನಾಗಿ, ಭೀತಿಯಿಂದ ಕೆಟ್ಟು, ವೇಡರನೆಂಬ ಅರೆಯಂತ್ರವಾಗಿ, ಕೊನೆಗೆ ಮಗನಿಂದ ಉದ್ಧಾರವಾಗುವ ಕಥೆ. ಸೌಮ್ಯನಾದ ಪಾಲ್ಪಟೀನನೇ ಎಲ್ಲ ಕೇಡಿನ ಮೂಲವೆಂಬ ಅನುಮಾನ ಮೆಲ್ಲಮೆಲ್ಲನೆ ಬೆಳೆಯುವ ಸೊಗಸೂ ಈ ಕ್ರಮದಲ್ಲಿ ಮಾತ್ರ ಸಿಗುತ್ತದೆ.

ನಮ್ಮವರು ಇನ್ನೊಂದು ಆಕ್ಷೇಪವನ್ನು ಎತ್ತಬಹುದು. ನನಗೆ ಅದೇ ಹೆಚ್ಚು ತೂಕದ್ದು. ಗುಟ್ಟು ಒಡೆದರೆ ರಸ ಕೆಡುತ್ತದೆಂದು ಯಾರು ಹೇಳಿದರು? ಕರ್ಣ ಯಾರ ಮಗನೆಂಬುದು ಮಹಾಭಾರತದ ಕೇಳುಗನಿಗೆ ಆದಿಪರ್ವದಲ್ಲೇ ತಿಳಿಯುತ್ತದೆ. ಕೃಷ್ಣನ ಬಾಯಿಂದ ಕರ್ಣನಿಗೆ ತಿಳಿಯುವುದು ಉದ್ಯೋಗಪರ್ವದಲ್ಲಿ. ಅಷ್ಟರತನಕ ನಾವು ತಿಳಿದೂ ಹೇಳಲಾರದೆ ಕುಳಿತಿರುತ್ತೇವೆ. ಕರುಣರಸ ಹುಟ್ಟುವುದೇ ಅಲ್ಲಿ. ಇರುಳಿಡೀ ಯಕ್ಷಗಾನ ನೋಡುವವರಲ್ಲಿ ಕಥೆಯ ಕೊನೆ ಗೊತ್ತಿಲ್ಲದವರು ಎಷ್ಟು ಮಂದಿ? ಹಾಗಾದರೆ ವೇಡರನ ಗುಟ್ಟಿಗೆ ಇಷ್ಟೇಕೆ ಕಾವಲು?

ಮಾತು ನಿಜ. ಆದರೆ ಅದು ನಿಜವಾಗಿರುವುದು ಮಹಾಭಾರತದ ಮಟ್ಟಿಗೆ. ಕೇಳುಗನಿಗೆ ತಿಳಿದಿದೆಯೆಂಬುದನ್ನು ನೆಚ್ಚಿಯೇ ಅಲ್ಲಿ ಕರ್ಣನ ಒಂದೊಂದು ಸಂದರ್ಭವೂ ಕಟ್ಟಿಕೊಂಡಿದೆ. 1977ರ ಮತ್ತು 1980ರ ಚಿತ್ರಗಳು ಹಾಗೆ ಕಟ್ಟಿದವಲ್ಲ. ನೋಡುವವನೂ ಲ್ಯೂಕನಷ್ಟೇ ಅರಿಯದವನೆಂದು ನಂಬಿ ಕಟ್ಟಿದವು. ಇದಕ್ಕೆ ಸಾಕ್ಷಿಯೂ ಉಂಟು. 1980ರ ಚಿತ್ರಕ್ಕಾಗಿ ಲೀ ಬ್ರ್ಯಾಕೆಟ್ ಅವರು 1978ರಲ್ಲಿ ಬರೆದುಕೊಟ್ಟ ಮೊದಲ ಕರಡಿನಲ್ಲಿ ಲ್ಯೂಕನ ತಂದೆ ವೇಡರನಲ್ಲ, ಬೇರೊಬ್ಬ ವ್ಯಕ್ತಿ. ತಂದೆಯೂ ವೇಡರನೂ ಒಬ್ಬನೇ ಎಂಬುದು ಕಥೆಯೊಳಕ್ಕೆ ಬಂದದ್ದು ಆಮೇಲೆ. ಹಾಗಿರುವಾಗ 1977ರ ಚಿತ್ರ, ಬರೆದವರೇ ಇನ್ನೂ ನಿಶ್ಚಯಿಸದ ಸಂಗತಿಯನ್ನು ನೋಡುವವನಿಂದ ಬಯಸುವುದು ಹೇಗೆ?

1999ರಿಂದ 2005ರವರೆಗಿನ ಮೂರು ಚಿತ್ರಗಳ ಕಟ್ಟಡ ಇದಕ್ಕೆ ವಿರುದ್ಧವಾದದ್ದು. 'ರಿವೆಂಜ್ ಆಫ್ ದಿ ಸಿತ್'ನಲ್ಲಿ ಆನಕಿನ್ ಏನಾಗುವನೆಂದು ನಮಗೆ ಗೊತ್ತಿದೆಯೆಂದೇ ಚಿತ್ರ ಭಾವಿಸುತ್ತದೆ. ಕಪ್ಪು ಮುಖವಾಡ ಮೆಲ್ಲನೆ ಇಳಿದು ಅವನ ಮುಖವನ್ನು ಮುಚ್ಚುವ ಕ್ಷಣದ ಭಾರವೆಲ್ಲ ಆ ಮುಖವಾಡವನ್ನು ಮೊದಲೇ ಕಂಡವರಿಗೆ. ಕಾಣದವರಿಗೆ ಅದೊಂದು ಶಸ್ತ್ರಚಿಕಿತ್ಸೆ ಅಷ್ಟೆ. ಅಂದರೆ ಕರ್ಣನ ನ್ಯಾಯ ಈ ಹಿಂಗಥೆಗೆ ಸಲ್ಲುತ್ತದೆ, ಮೊದಲ ಮೂರಕ್ಕೆ ಸಲ್ಲುವುದಿಲ್ಲ. ಅರಿಯದವನಿಗಾಗಿ ಮಾಡಿದ್ದನ್ನು ಅರಿಯದೆ ನೋಡಬೇಕು. ಅರಿತವನಿಗಾಗಿ ಮಾಡಿದ್ದನ್ನು ಅರಿತು ನೋಡಬೇಕು. ಎರಡನ್ನೂ ಪೂರೈಸುವುದು ಬಿಡುಗಡೆಯ ಕ್ರಮ.

ಗುಟ್ಟಿನ ಮಾತು ಬಿಟ್ಟರೂ ಯೋಡನ ಪ್ರಸಂಗವೊಂದೇ ಸಾಕು. 1980ರ ಚಿತ್ರದಲ್ಲಿ ಮಹಾಗುರುವನ್ನು ಹುಡುಕಿಕೊಂಡು ಜೌಗುನೆಲಕ್ಕೆ ಬಂದ ಲ್ಯೂಕನಿಗೆ ಗಿಡ್ಡನಾದ ಹಸಿರು ಮುದುಕನೊಬ್ಬ ಎದುರಾಗಿ, ಅವನ ಬುತ್ತಿಯನ್ನು ಕೆದಕಿ, ದೀಪಕ್ಕಾಗಿ ಜಗಳವಾಡಿ, ಅವನ ತಾಳ್ಮೆ ಕೆಡಿಸುತ್ತಾನೆ. ಗುರು ಅವನೇ ಎಂದು ತಿಳಿದಾಗ ತಲೆತಗ್ಗಿಸುವವನು ಲ್ಯೂಕ್ ಒಬ್ಬನೇ ಅಲ್ಲ. ಮುದುಕನನ್ನು ನೋಡಿ ನಕ್ಕ ನಾವೂ ಹೌದು. ಪರೀಕ್ಷೆ ನಡೆದದ್ದು ನಮಗೂ. ಆದರೆ 1999ರ 'ದಿ ಫ್ಯಾಂಟಮ್ ಮೆನೇಸ್'ನಲ್ಲಿ ಯೋಡ ಗುರುಮಂಡಲಿಯ ಆಸನದಲ್ಲಿ ಗಂಭೀರವಾಗಿ ಕುಳಿತಿರುತ್ತಾನೆ. ಅದನ್ನು ಮೊದಲು ನೋಡಿದವನಿಗೆ ಪರೀಕ್ಷೆಯ ಉತ್ತರ ಮುಂಚೆಯೇ ಕೈಸೇರಿತು.

ಮಧ್ಯಮ ಮಾರ್ಗವೊಂದನ್ನು ಅಭಿಮಾನಿಗಳು ಕಂಡುಹಿಡಿದಿದ್ದಾರೆ. 2011ರಿಂದ 'ಮಚೆಟೆ ಕ್ರಮ' ಎಂಬ ಹೆಸರಿನಿಂದ ಅದು ಪ್ರಚಾರದಲ್ಲಿದೆ: ನಾಲ್ಕು, ಐದು, ಎರಡು, ಮೂರು, ಆರು, ಒಂದನ್ನು ಬಿಟ್ಟೇಬಿಡುವುದು. ಗುಟ್ಟು ಉಳಿಯುತ್ತದೆ, ಅದು ಒಡೆದ ಕೂಡಲೇ ತಂದೆಯ ಪೂರ್ವಕಥೆ ಬರುತ್ತದೆ, ಕೊನೆಗೆ ತಂದೆಮಕ್ಕಳ ಮುಖಾಮುಖಿ. ಜಾಣತನದ ಏರ್ಪಾಡು, ಒಂದನೆಯ ಚಿತ್ರದ ತೆರಿಗೆ ವಿವಾದವನ್ನು ತಪ್ಪಿಸಿಕೊಳ್ಳುವ ಆಸೆಯೂ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. ಐದನೆಯ ಚಿತ್ರ ಮುಗಿಯುವಾಗ ಹ್ಯಾನ್ ಸೋಲೋ ಹೆಪ್ಪುಗಟ್ಟಿದ ದಿಮ್ಮಿಯಾಗಿ ಶತ್ರುವಿನ ವಶದಲ್ಲಿದ್ದಾನೆ. ಲ್ಯೂಕನ ಮನಸ್ಸು ಕದಡಿದೆ. ನೋಡುವವನ ಮನಸ್ಸು ಅಲ್ಲೇ ನೆಟ್ಟಿರುವಾಗ ನಡುವೆ ಸುಮಾರು ನಾಲ್ಕೂಮುಕ್ಕಾಲು ಗಂಟೆ ಬೇರೆ ಜನರ, ಬೇರೆ ಕಾಲದ, ಬೇರೆಯೇ ಬಣ್ಣದ ಚಿತ್ರಗಳನ್ನು ತುರುಕುವುದು ಸರಿಯಲ್ಲ. 1980ರ ಪ್ರೇಕ್ಷಕರು ಮೂರು ವರ್ಷ ಕಾದರಲ್ಲವೇ ಎನ್ನಬಹುದು. ಕಾದರು, ಆದರೆ ಆ ಬಿಡುವು ಬರಿದಾಗಿತ್ತು. ಅದನ್ನು ಅವರು ತಮ್ಮ ಊಹೆಯಿಂದ ತುಂಬಿಕೊಂಡರು.

ಬಿಡುಗಡೆಯ ಕ್ರಮಕ್ಕೆ ಒಂದು ತೊಡಕು ಬಂದಿರುವುದು ಸ್ವತಃ ಕರ್ತೃವಿನಿಂದಲೇ. 1983ರ 'ರಿಟರ್ನ್ ಆಫ್ ದಿ ಜೆಡೈ'ಯಲ್ಲಿ ಸಾಯುವ ವೇಡರನ ಮುಖವಾಡ ತೆಗೆದಾಗ ಕಾಣುವುದು ಮುದುಕನ ಮುಖ, ಸೆಬಾಸ್ಟಿಯನ್ ಶಾ ಅವರದು. ಕೊನೆಯ ದೃಶ್ಯದಲ್ಲಿ ಆತ್ಮರೂಪದಿಂದ ನಗುತ್ತ ನಿಂತವರೂ ಅವರೇ. 2004ರಲ್ಲಿ ಲ್ಯೂಕಸ್ ಆ ಕೊನೆಯ ರೂಪವನ್ನು ಅಳಿಸಿ, ಹಿಂಗಥೆಯ ಯುವನಟ ಹೇಡನ್ ಕ್ರಿಸ್ಟೆನ್ಸನ್ ಅವರನ್ನು ಅಲ್ಲಿ ನಿಲ್ಲಿಸಿದರು. ಇಂದು ಸಾಮಾನ್ಯವಾಗಿ ದೊರೆಯುವ ಪ್ರತಿಗಳಲ್ಲಿ ಇರುವುದು ಇದೇ. ಮೊದಲ ಸಲ ನೋಡುವ ಮಗು, ಈ ಹುಡುಗ ಯಾರು ಎಂದು ಕೇಳುತ್ತದೆ, ಕೇಳಬೇಕಾದದ್ದೇ. ತನ್ನ ಕೃತಿಯನ್ನು ಹೀಗೆಯೇ ನೋಡಿರೆಂದು ಸಲಹೆ ಕೊಡುವ ಹಕ್ಕು ಕರ್ತೃವಿಗೆ ಇದೆ. ಆದರೆ ಇಪ್ಪತ್ತೊಂದು ವರ್ಷ ಜನರ ನೆನಪಿನಲ್ಲಿ ನಿಂತ ಮುಖವನ್ನು ತೆಗೆದು, ಹಾಗಲ್ಲದೆ ನೋಡುವವರ ದಾರಿಗೆ ಕಲ್ಲಿಡುವುದು ಸಲಹೆಯಾಗಲಾರದು.

ನನ್ನ ತೀರ್ಮಾನ ಇಷ್ಟು. ಮೊದಲ ಸಲಕ್ಕೆ ನಾಲ್ಕು, ಐದು, ಆರು. ಬಳಿಕ ಒಂದು, ಎರಡು, ಮೂರು. ಅನಂತರ ಬೇಕೆನಿಸಿದರೆ ಏಳರಿಂದ ಒಂಬತ್ತು. 2016ರ 'ರೋಗ್ ಒನ್' ಕಥೆಯ ಲೆಕ್ಕದಲ್ಲಿ ನಾಲ್ಕನೆಯದಕ್ಕೆ ಹೊಸಿಲಿನಂತಿದ್ದರೂ, ಅರಿತವರಿಗಾಗಿ ಮಾಡಿದ್ದಾದ್ದರಿಂದ ಆರೂ ಮುಗಿದಮೇಲೆ ನೋಡತಕ್ಕದ್ದು. ಅಂಕೆಯ ಕ್ರಮವನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿರಿ. ಅದಕ್ಕೆ ಅದರದೇ ಫಲವುಂಟು. ನನ್ನ ತಂದೆ ಹೇಗೆ ಸತ್ತರೆಂದು ಲ್ಯೂಕ್ ಕೇಳಿದಾಗ, ಓಬಿ-ವಾನ್ ಆಗಿ ನಟಿಸಿದ ಅಲೆಕ್ ಗಿನೆಸ್ ಉತ್ತರ ಹೇಳುವ ಮುಂಚೆ ತುಸು ತಡೆಯುತ್ತಾರೆ. ಮೊದಲ ಸಲ ಅದು ಗೆಳೆಯನನ್ನು ನೆನೆದ ಮುದುಕನ ದುಃಖವಾಗಿ ಕಾಣುತ್ತದೆ. ಎರಡನೆಯ ಸಲ, ಹುಡುಗನಿಗೆ ಎಷ್ಟು ಹೇಳಬೇಕೆಂದು ಅಳೆಯುವವನ ಸಂಕಟವಾಗಿ ಕಾಣುತ್ತದೆ. ಎರಡನ್ನೂ ಪಡೆಯಬೇಕಾದರೆ ಮೊದಲಿನದನ್ನು ಮೊದಲು ನೋಡಿರಬೇಕು.